ತನ್ನ ಕೋವಿಗೆ ಕಟ್ಟಿದ ತೋಟಾ

ಆ ಶನಿವಾರ ಬೆಳಗ್ಗೆ ಗಾಳಿ ನಿಂತಿತ್ತು. ರಾತ್ರಿಯೆಲ್ಲ ಒದ್ದೆ ಹಿಮ ಬಿದ್ದು, ನಸುಕಿಗೆ ಮೋಡ ಹರಿದು, ಏಪ್ರಿಲ್ ತಿಂಗಳ ಎಳೆ ಬಿಸಿಲು ಬಯಲ ಮೇಲೆ ಚೆಲ್ಲಿತ್ತು. ಬೇಲಿಯ ತಂತಿಯಿಂದ ಹನಿ ತೊಟ್ಟಿಕ್ಕುವ ಸದ್ದು ಅಡುಗೆಮನೆಯ ಕಿಟಕಿಯವರೆಗೂ ಕೇಳುತ್ತಿತ್ತು. ಡಕೋಟಾದ ಆ ಬಯಲಲ್ಲೇ ಹುಟ್ಟಿ ಅರವತ್ತೇಳು ವರ್ಷ ಕಳೆದ ಗೇಲನ್‌ಗೆ ಗಾಳಿಯಿಲ್ಲದ ಬೆಳಗೆಂದರೆ, ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದವರು ತಾನು ಬಂದದ್ದು ಕಂಡು ತಟ್ಟನೆ ಸುಮ್ಮನಾದ ಹಾಗೆ. ಗುರಿ ತಪ್ಪಿದರೆ ಗಾಳಿ, ಬಣವೆಯ ಹುಲ್ಲು ಹಾರಿದರೆ ಗಾಳಿ, ಗಂಡಹೆಂಡಿರು ಜಗಳಾಡಿದರೂ ಮೂರು ದಿನದ ಗಾಳಿ ಎಂದುಬಿಡುವ ಸೀಮೆ ಅದು. ಈವತ್ತು ಅದೂ ಕೈಬಿಟ್ಟಿತ್ತು. ಲವೋನ್ ತಟ್ಟೆಯ ಮುಂದೆ ಕೈಮುಗಿದು, ನಲವತ್ತು ವರ್ಷದಿಂದ ಹೇಳುತ್ತ ಬಂದ ಪುಟ್ಟ ಪ್ರಾರ್ಥನೆಯನ್ನು ಹೇಳಿ ಮುಗಿಸಿದಳು. ಗೇಲನ್‌ನ ತುಟಿ ಅವಳ ಜೊತೆಗೇ ಅಲ್ಲಾಡಿತು. ಒಳಗಿನಿಂದ ಏನೂ ಬರಲಿಲ್ಲ. ಜನವರಿಯಿಂದ ಹೀಗೇ ಆಗಿತ್ತು. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟದೆ ಬರಿದಾಗಿ ಮೇಲೆ ಬರುತ್ತಿತ್ತು.

“ಕಾಫಿ ಆರ್ತಾ ಇದೆ,” ಅಂದಳು ಲವೋನ್. “ಹತ್ತು ಗಂಟೆಗೆಲ್ಲ ಮಕ್ಕಳು ಚರ್ಚಿಗೆ ಬಂದ್ಬಿಡ್ತಾರೆ. ಮಿಲೋನ ಕರ್ಕೊಂಡು ಹೋಗ್ಬೇಕು, ನೆನಪಿದೆ ತಾನೆ?”

“ಇದೆ.”

“ರಾತ್ರಿ ಮತ್ತೆ ನಿದ್ದೆ ಮಾಡ್ಲಿಲ್ಲ ನೀನು.”

“ಹಿಮ ಬೀಳೋ ಸದ್ದಿಗೆ ಎಚ್ಚರ ಆಯ್ತು.”

“ಹಿಮಕ್ಕೆ ಸದ್ದಿರುತ್ತಾ, ಗೇಲನ್?” ಅಂದು ಅವಳು ಅವನ ಮುಖ ನೋಡದೆ ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಕೆಲವು ಹೆಂಗಸರು ಕೇಳಬೇಕಾದ ಪ್ರಶ್ನೆಯ ಸುತ್ತ ಬೇಲಿ ಹಾಕಿ ಕಾಯುತ್ತಾರೆ. ಲವೋನ್ ಆ ಬಗೆಯವಳು.

ಪಾಠದ ಹಾಳೆಗಳನ್ನು ತರಲು ಅವನು ನೆಲಮಾಳಿಗೆಗೆ ಇಳಿದ. ವರ್ಷವರ್ಷ ಈ ಕಾಲಕ್ಕೆ, ಬೇಟೆಯ ಪರವಾನಗಿ ಬೇಕೆನ್ನುವ ಎಳೆಯರಿಗೆ ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಕೋವಿಯ ಜೋಪಾನ ಕಲಿಸುವವನು ಗೇಲನ್. ಇಪ್ಪತ್ತೆರಡು ವರ್ಷದಿಂದ ಅವನೇ. ಅವನಷ್ಟು ಎಚ್ಚರದ ಮನುಷ್ಯ ಆ ಕೌಂಟಿಯಲ್ಲೇ ಇಲ್ಲವೆಂದು ಪಾಸ್ಟರ್ ಸಹ ಹೇಳುತ್ತಿದ್ದರು. ಈ ಸಲ ಪಾಠಕ್ಕೊಂದು ಹೊಸ ಭಾಗ ಸೇರಿತ್ತು. ಜನವರಿಯಲ್ಲಿ ಬಲಗಣ್ಣು ಕಳೆದುಕೊಂಡ ಪಕ್ಕದ ಹೊಲದ ಮಿಲೋ ಮಕ್ಕಳೆದುರು ನಿಲ್ಲುವುದು. ನಳಿಗೆಯಲ್ಲಿ ಹಿಮ ತುಂಬಿದ್ದನ್ನು ನೋಡದೆ ಗುಂಡು ಹಾರಿಸಿದರೆ ಹೀಗಾಗುತ್ತದೆ ಎಂದು ಗೇಲನ್ ಅವನನ್ನು ತೋರಿಸಿ ಹೇಳುವುದು. ಇದು ಮಿಲೋನ ಹೆಂಡತಿ ಆರ್ಡಿಸ್‌ಳ ಆಲೋಚನೆ. ಮಿಲೋ ‘ಆಗ್ಲಿ’ ಅಂದಿದ್ದ. ಗೇಲನ್ ಕೂಡ ‘ಆಗ್ಲಿ’ ಅಂದಿದ್ದ. ಹಾಗೆ ಅಂದ ಗಳಿಗೆಯಲ್ಲಿ ಅವನ ನಾಲಿಗೆಗೆ ಹಿತ್ತಾಳೆಯ ರುಚಿ ಬಂದಿತ್ತು.

ಹಿಮ ಇರಲಿಲ್ಲ. ಅದು ಗೇಲನ್‌ಗೆ ಮಾತ್ರ ಗೊತ್ತಿತ್ತು.

ಕೆಲಸದ ಮೇಜಿನ ಮೇಲೆ ಧೂಳು ಕೂತಿತ್ತು. ಹಾರಿಸಿ ಖಾಲಿಯಾದ ಹಿತ್ತಾಳೆಯ ಚಿಪ್ಪನ್ನು ಮತ್ತೆ ಅದರ ಅಳತೆಗೆ ಒತ್ತುವ ಪ್ರೆಸ್ಸು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸುವ ಹಿಡಿ, ಮದ್ದು ತೂಗುವ ತಕ್ಕಡಿ, ಮೇಲೆ ಗುಂಡು ಒತ್ತಿ ಮುಚ್ಚುವ ಅಚ್ಚು, ಎಲ್ಲವೂ ಜನವರಿಯಲ್ಲಿ ಬಿಟ್ಟಲ್ಲೇ ಇದ್ದವು. ಅದಕ್ಕೆ ಮುಂಚೆ ಬಿಡುವಾದಾಗಲೆಲ್ಲ ಅವನು ಇಲ್ಲಿ ಕೂರುತ್ತಿದ್ದ. ತೋಟಾ ಕಟ್ಟುವವರ ಪುಸ್ತಕ ಮದ್ದಿಗೆ ಒಂದು ಮಿತಿ ಹೇಳುತ್ತದೆ. ಅದಕ್ಕಿಂತ ತುಂಬ ಕೆಳಗಿನಿಂದ ಶುರುಮಾಡಿ, ಸಾಸಿವೆಕಾಳಿನಷ್ಟು ಸಾಸಿವೆಕಾಳಿನಷ್ಟು ಮದ್ದು ಏರಿಸುತ್ತ, ಪ್ರತಿ ಮೆಟ್ಟಿಲಿಗೂ ಐದೈದು ತೋಟಾ ಕಟ್ಟಿ, ಹೊಲದಾಚೆ ನಿಲ್ಲಿಸಿದ ಕಾಗದಕ್ಕೆ ಹೊಡೆದು, ಗುಂಡುಗಳು ಎಷ್ಟು ಒತ್ತಾಗಿ ಬಿದ್ದವೆಂದು ಅಳೆದು ಬರೆದಿಡುವುದು. ಇಪ್ಪತ್ತೆರಡರ ಅಳತೆಯ ಆ ಸಣ್ಣ ಗುಂಡಿಗೆ ಸಾಸಿವೆಯಷ್ಟು ಹೆಚ್ಚೂ ಹೆಚ್ಚೇ. ಹಾರಿಸಿದ ಮೇಲೆ ಕೇಪಿನ ಮುಖ ಚಪ್ಪಟೆಯಾಗಿದೆಯೇ ನೋಡಬೇಕು. ತೋಟಾದ ಹಿಂದೆ ಅಗುಳಿಯಂತೆ ಮುಚ್ಚುವ ಬೋಲ್ಟು ಎತ್ತುವಾಗ ಬಿಗಿ ಬಂತೇ ಎಂದು ಅಂಗೈಯಿಂದ ಕೇಳಬೇಕು. ಬಿಗಿ ಬಂದರೆ ಕೋವಿ ‘ಸಾಕು’ ಅನ್ನುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಈ ಮಾತನ್ನು ಅವನು ಎಷ್ಟು ಮಕ್ಕಳಿಗೆ ಹೇಳಿರಲಿಲ್ಲ! ಇನ್ನೂ ಒಂದು ಹೇಳುತ್ತಿದ್ದ: ಒಬ್ಬ ತನ್ನ ಕೋವಿಗೆ ಕಟ್ಟಿದ ತೋಟಾ ಅವನ ಕೋವಿಗೇ, ಅಣ್ಣತಮ್ಮಂದಿರಾದರೂ ಒಬ್ಬರದನ್ನೊಬ್ಬರು ಹಾರಿಸಬಾರದು. ಒಂದೇ ಕಾರ್ಖಾನೆಯ ಎರಡು ಕೋವಿಗಳ ಒಳಹೊಟ್ಟೆಯೂ ಒಂದೇ ಥರ ಇರುವುದಿಲ್ಲ. ಗೇಲನ್‌ನದು ಸಾವಿರಾರು ಸಲ ಹಾರಿ ನಳಿಗೆಯ ಗಂಟಲು ಸವೆದು ಸಡಿಲಾದ ಕೋವಿ. ಪುಸ್ತಕದ ಮಿತಿಯನ್ನು ಅದು ಗೊಣಗದೆ ದಾಟಿತು. ದಾಟಿದ ಮೇಲೆ ಒಂದು ಮೆಟ್ಟಿಲಲ್ಲಿ, ನವೆಂಬರಿನ ಒಂದು ಮಧ್ಯಾಹ್ನ, ಐದು ಗುಂಡುಗಳೂ ಕಾಗದದಲ್ಲಿ ಒಂದೇ ತೂತು ಕೊರೆದವು. ಅವನು ಆ ಕಾಗದದ ಮುಂದೆ ಟೋಪಿ ತೆಗೆದು ನಿಂತುಬಿಟ್ಟಿದ್ದ. ದೇವರ ಸನ್ನಿಧಿಯಲ್ಲೂ ಅಷ್ಟು ಭಕ್ತಿಯಿಂದ ನಿಂತದ್ದು ಕಡಿಮೆ. ಅದೇ ಮೊದಲ ತಪ್ಪು ಎಂದು ಈಗ ಅನಿಸುತ್ತದೆ.

ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರಿನ ಧಾನ್ಯದ ಮಂಡಿಯ ಕಾಫಿ ಮೂಲೆಗೆ ಹೋಗಿದ್ದ. ತೋರಿಸಬೇಕೆಂದೇನೂ ಇರಲಿಲ್ಲ, ಆದರೂ ತೋರಿಸಿದ. ಮಿಲೋ ಅದನ್ನು ಬೆಳಕಿಗೆ ಹಿಡಿದು, ಎರಡು ಕಣ್ಣಲ್ಲೂ ತುಂಟತನ ತುಂಬಿಕೊಂಡು ನೋಡಿದ.

“ಐದು ಗುಂಡು ಕಣೋ, ಒಂದೇ ತೂತು,” ಅಂದ ಗೇಲನ್.

“ಉಳಿದ ನಾಲ್ಕು ತಪ್ಪಿ ಹೋಗಿರ್ಬೇಕು ಬಿಡು,” ಅಂದ ಮಿಲೋ. ಕೂತಿದ್ದ ನಾಲ್ಕು ಜನ ನಕ್ಕರು. “ಎಷ್ಟು ದಿನ ಆಯ್ತಯ್ಯಾ ಇದಕ್ಕೆ? ಐದು ತಿಂಗಳಾ? ನನ್ನ ಕುರಿಗಳೇ ವಾಸಿ. ಐದು ತಿಂಗಳಿಗೆ ಮರಿ ಹಾಕ್ತವೆ. ನೀನು ಏನ್ ಹಾಕ್ದೆ? ಕಾಗದಕ್ಕೊಂದು ತೂತು!”

ಎಲ್ಲರೂ ಮೇಜು ಬಡಿದು ನಕ್ಕರು, ಗೇಲನ್ ಕೂಡ ನಕ್ಕ. ಮಿಲೋನ ಮಾತಿನಲ್ಲಿ ವಿಷವಿರಲಿಲ್ಲ. ಒಂದೇ ಶಾಲೆಯ ಬೆಂಚು, ಒಂದೇ ಚರ್ಚಿನ ಸಾಲು, ಬೇಲಿಗೆ ಬೇಲಿ ತಾಗಿದ ಹೊಲ. ಆದರೂ ಆ ನಗು ಅವನ ಬೂಟಿನೊಳಗೆ ಹೊಕ್ಕ ಹುಲ್ಲುಮುಳ್ಳಿನಂತೆ ಮನೆಯವರೆಗೂ ಬಂತು. ಇದರ ಬೆಲೆ ಇವನಿಗೆ ಕಾಣುವಂತೆ ಮಾಡಬೇಕು ಎಂದುಕೊಂಡ. ಆಮೇಲೆ ಜನವರಿಯಲ್ಲಿ ಕಯೋಟಿಗಳು, ಆ ಬಯಲ ಕಿರುತೋಳಗಳು, ಮಿಲೋನ ಹಟ್ಟಿಗೆ ಬಿದ್ದು ಗಬ್ಬದ ಕುರಿ ಮೂರನ್ನು ಹರಿದುಹಾಕಿದವು. ಅಂಗಡಿಯಲ್ಲಿ ಆ ಅಳತೆಯ ತೋಟಾ ಮುಗಿದುಹೋಗಿತ್ತು. “ನಿನ್ನ ಪವಿತ್ರ ತೋಟಾ ಒಂದಿಷ್ಟು ಸಾಲ ಕೊಡ್ತೀಯೇನಪ್ಪಾ?” ಎಂದು ಮಿಲೋ ಫೋನಿನಲ್ಲಿ ಕೇಳಿದ. ಎರಡನೆಯ ಸಲ ಕೇಳುವವರೆಗೂ ಗೇಲನ್ ಕಾಯಲಿಲ್ಲ; ಹಿಮದಲ್ಲೇ ಗಾಡಿ ಓಡಿಸಿಕೊಂಡು ಹೋದ. ಹೋಗುವ ಮುಂಚೆ ಇದೇ ಮೇಜಿನ ಹತ್ತಿರ ನಿಂತು, ಇಪ್ಪತ್ತು ತೋಟಾದ ಡಬ್ಬಿಯ ಮೇಲೆ ತನ್ನದೇ ಕೈಬರಹದಲ್ಲಿ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕಿತ್ತ. ‘ಗೇಲನ್‌ನ ಕೋವಿಗೆ ಮಾತ್ರ’ ಎಂದಿತ್ತು ಅದರಲ್ಲಿ. ಅದನ್ನು ನೋಡಿದರೆ ಮಿಲೋ ಮತ್ತೆ ನಗುತ್ತಾನೆ ಎಂದು ಕಿತ್ತ. ಬೇರೆ ಕಾರಣವಿಲ್ಲ. ಎಷ್ಟು ಹುಡುಕಿದರೂ, ಎಷ್ಟು ರಾತ್ರಿ ಹುಡುಕಿದರೂ, ಬೇರೆ ಕಾರಣ ಸಿಗಲಿಲ್ಲ.

ಅಷ್ಟೇ ಆಗಿದ್ದರೆ ಅಹಂಕಾರವೆಂದು ದೇವರ ಮುಂದೆ ಹೆಸರಿಟ್ಟು ಒಪ್ಪಿಸಬಹುದಿತ್ತು. ಎರಡು ದಿನ ಬಿಟ್ಟು ಮಿಲೋ ಮತ್ತೆ ಫೋನು ಮಾಡಿದ. “ಎರಡು ಬಿತ್ತು ಮಾರಾಯ, ಒಂದೊಂದೇ ಏಟಿಗೆ! ಇನ್ಮೇಲೆ ನಿನ್ನ ಕಾಗದದ ತೂತಿಗೆ ನಗೋದಿಲ್ಲ. ಒಂದೇ ಒಂದು ವಿಷ್ಯ. ಬೋಲ್ಟು ಯಾಕೋ ಬಿಗಿ ಬರ್ತಾ ಇದೆ. ಎತ್ತೋಕೆ ಅಂಗೈಲಿ ಗುದ್ದಬೇಕು.” ಗೇಲನ್ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದ. ಕಿಟಕಿಯಾಚೆ ಹಕ್ಕಿಯೊಂದು ತನಗೆಂದು ಕಟ್ಟಿದ ಕೊಬ್ಬಿನ ತುಂಡು ಕುಟುಕುತ್ತಿತ್ತು. ಆ ಬಿಗಿಯ ಅರ್ಥ ಅವನಿಗೆ ತನ್ನ ಹೆಸರಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಹಾರಿಸಬೇಡ, ಡಬ್ಬಿ ವಾಪಸು ಕೊಡು, ನಿನ್ನ ಕೋವಿಗೆ ಇದು ಹೆಚ್ಚು, ಎನ್ನಲು ಒಂದು ಉಸಿರು ಸಾಕಾಗಿತ್ತು. ಆದರೆ ಕಿವಿಯಲ್ಲಿ ‘ಇನ್ಮೇಲೆ ನಗೋದಿಲ್ಲ’ ಇನ್ನೂ ಬೆಚ್ಚಗಿತ್ತು. “ಚಳಿಗೆ ಕಣೋ,” ಅಂದ. “ಒಂದು ತೊಟ್ಟು ಎಣ್ಣೆ ಬಿಡು, ಸರಿ ಹೋಗುತ್ತೆ.” ಅದಾದ ಮೂರನೆಯ ದಿನ ಮಿಲೋ ಹಿಮದ ದಿಬ್ಬದ ಹಿಂದೆ ಮಂಡಿಯೂರಿ ಹಾರಿಸಿದಾಗ ಚಿಪ್ಪಿನ ಬುಡ ಒಡೆದು, ಬೆಂಕಿಯೂ ಹಿತ್ತಾಳೆಯ ಚೂರೂ ಬೋಲ್ಟಿನ ಸಂದಿನಿಂದ ಹಿಂದಕ್ಕೆ ಚಿಮ್ಮಿತು.

ಹಾಳೆಗಳನ್ನು ಎತ್ತಿಕೊಂಡು ಅವನು ಮೇಲೆ ಬಂದ. ಲವೋನ್ ಬಟ್ಟೆ ಸುತ್ತಿದ ಬಿಸಿ ಪಾತ್ರೆಯನ್ನು ಕೈಗಿಟ್ಟಳು. ಆಲೂಗಡ್ಡೆಯೂ ಮಾಂಸವೂ ಸೇರಿಸಿ ಬೇಯಿಸಿದ್ದು. ಜನವರಿಯಿಂದ ಹನ್ನೆರಡನೆಯದೋ ಹದಿಮೂರನೆಯದೋ. “ಆರ್ಡಿಸ್‌ಗೆ ಹೇಳು, ಪಾತ್ರೆ ನಾಳೆ ಚರ್ಚಿಗೆ ತಂದ್ರೆ ಸಾಕು ಅಂತ.”

ಎರಡು ಮೈಲಿ ದಾರಿ. ಕರಗುವ ಹಿಮದಡಿಯಲ್ಲಿ ಕೆಂಪು ಜೇಡಿ ಚಕ್ರಕ್ಕೆ ಅಂಟುತ್ತಿತ್ತು. ಭಾನುವಾರಗಳಲ್ಲಿ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ಪಾಪನಿವೇದನೆ ಮಾಡುವಾಗ ಗೇಲನ್ ತುಸು ಜೋರಾಗಿಯೇ ಹೇಳುತ್ತಿದ್ದ. ಅರವತ್ತು ದನಿಗಳ ನಡುವೆ ಒಂದು ದನಿ ಅಡಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಕ್ಕದಲ್ಲೇ ಮಿಲೋ, ಕಣ್ಣಿನ ಮೇಲೆ ಕಪ್ಪು ಬಟ್ಟೆ. ಶಾಂತಿ ಕೋರಿ ಕೈಕುಲುಕುವ ಹೊತ್ತಿಗೆ ಮಿಲೋ ಪ್ರತಿ ಸಲವೂ ಒಂದು ಗಳಿಗೆ ಹೆಚ್ಚು ಕೈ ಹಿಡಿದಿರುತ್ತಿದ್ದ. ಪಾಪದ ಮನುಷ್ಯ, ಆಸರೆಗೆ ಹಿಡಿಯುತ್ತಾನೆ ಎಂದುಕೊಳ್ಳುತ್ತಿದ್ದ ಗೇಲನ್. ಒಂದು ಕಣ್ಣಿನವರಿಗೆ ದೂರ ಅಳೆಯಲು ಬರುವುದಿಲ್ಲ. ಮಿಲೋ ಲೋಟಕ್ಕೆ ಹಾಲು ಬಗ್ಗಿಸಿದರೆ ಮೇಜಿಗೆ ಬೀಳುತ್ತಿತ್ತು. ಹಟ್ಟಿಯ ಕೆಲಸಕ್ಕೆಂದು ಗೇಲನ್ ದಿನಾ ಬೆಳಗ್ಗೆ ಹೋಗುತ್ತಿದ್ದ, ಹುಲ್ಲು ಹಾಕುತ್ತಿದ್ದ, ನೀರಿನ ತೊಟ್ಟಿಯ ಮಂಜುಗಡ್ಡೆ ಒಡೆಯುತ್ತಿದ್ದ. ಊರು ಅದನ್ನು ಸ್ನೇಹವೆಂದು ಕೊಂಡಾಡಿತು. ಪ್ರತಿಯೊಂದು ಹೊಗಳಿಕೆಯೂ ಗಾಯಕ್ಕೆ ಉಪ್ಪು.

ಆರ್ಡಿಸ್ ಬಾಗಿಲಲ್ಲೇ ಸಿಕ್ಕಿದಳು. “ಬಾ, ಗೇಲನ್. ನಿನ್ನ ಸ್ನೇಹಿತ ಕನ್ನಡಿ ಮುಂದೆ ಮುಕ್ಕಾಲು ಗಂಟೆ ನಿಂತಿದ್ದ ನೋಡು. ನಮ್ಮ ಮದುವೆ ದಿನಾನೂ ಅಷ್ಟು ಹೊತ್ತು ನಿಂತಿರ್ಲಿಲ್ಲ. ಈಗ ಒಳ್ಳೇ ಕೋಟು ಹಾಕ್ಕೊಂಡೇ ಹಟ್ಟಿಗೆ ಹೋದ, ಯಾವ್ದೋ ಕುರಿ ಕಷ್ಟಪಡ್ತಿದೆಯಂತೆ.” ಪಾತ್ರೆ ಇಸಿದುಕೊಂಡು ದನಿ ತಗ್ಗಿಸಿದಳು. “ಮಕ್ಕಳಿಗೆ ಬಿಡಿಸಿ ಹೇಳು. ನಳಿಗೆ ನೋಡ್ದೆ ಹೊಡೆದ ಅಂತ. ಮೂವತ್ತೈದು ವರ್ಷ ಹೇಳಿದ್ದೀನಿ ಆ ಮನುಷ್ಯನಿಗೆ, ಸ್ವಲ್ಪ ನೋಡ್ಕೊಂಡು ಮಾಡು ಅಂತ. ಕೇಳಿದ್ರೆ ತಾನೆ! ಈಗ ನೋಡೋಕೆ ಅರ್ಧ ಮಾತ್ರ ಉಳೀತು.” ಅವಳು ಪಾತ್ರೆಯನ್ನು ಎದೆಗೆ ಒತ್ತಿಕೊಂಡಳು. ಬೈಗುಳದ ಕೆಳಗೆ ಎಷ್ಟು ಭಯವಿದೆಯೆಂದು ಗೇಲನ್‌ಗೆ ಕಂಡಿತು, ಆ ಬೈಗುಳದ ಒಂದೊಂದು ಮಾತೂ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎನ್ನುವುದೂ ಕಂಡಿತು. ಅವನು ತಲೆಯಾಡಿಸಿದ. ತಲೆಯಾಡಿಸಿದ್ದಕ್ಕಾಗಿ ಹಟ್ಟಿಯವರೆಗೂ ತನ್ನನ್ನೇ ಶಪಿಸಿಕೊಂಡು ನಡೆದ.

ಹಟ್ಟಿಯೊಳಗೆ ಒದ್ದೆ ಉಣ್ಣೆಯ, ಅಯೋಡಿನ್ನಿನ, ಮುಗ್ಗಿದ ಹುಲ್ಲಿನ ವಾಸನೆ. ಮಿಲೋ ಭಾನುವಾರದ ಕೋಟನ್ನೂ ಕಣ್ಣಿನ ಕಪ್ಪು ಬಟ್ಟೆಯನ್ನೂ ಮೊಳೆಗೆ ತಗುಲಿಸಿ, ತೋಳು ಮಡಚಿ ಕುರಿಯ ಹಿಂದೆ ಮಂಡಿಯೂರಿದ್ದ.

“ಬಂದ್ಯಾ? ಇಲ್ಲಿ ಹಿಡ್ಕೋ. ಒಂದು ಕಾಲು ಸಿಕ್ತು, ಇನ್ನೊಂದು ಎಲ್ಲಿ ಮಡಚ್ಕೊಂಡಿದೆಯೋ. ಇದಕ್ಕೆ ಕಣ್ಣು ಬೇಡ ನೋಡು, ಕೈ ಸಾಕು. ದೇವರು ಒಂದು ಕೆಲಸವಾದ್ರೂ ಉಳಿಸಿದ್ದಾನೆ.”

ಗೇಲನ್ ಕುರಿಯ ಕತ್ತನ್ನು ತೊಡೆಗೆ ಒತ್ತಿ ಹಿಡಿದ. ಅದರ ಎದೆಬಡಿತ ಅವನ ತೊಡೆಯ ಮೂಳೆಗೆ ತಾಕುತ್ತಿತ್ತು. ಮಿಲೋ ಕಣ್ಣು ಮುಚ್ಚಿಕೊಂಡು ಒಳಗೆ ತಡಕಿದ. ಕಣ್ಣು ಮುಚ್ಚಿದಾಗ ಆ ಮುಖ ಜನವರಿಗೆ ಮುಂಚಿನ ಮುಖವೇ ಆಗಿತ್ತು. ಗೇಲನ್ ನೋಡಲಾರದೆ ಗೋಡೆ ನೋಡಿದ. ಒಂಬತ್ತೂವರೆ ಆಗಿರಬಹುದು. ಇಲ್ಲಿ ಹೇಳದಿದ್ದರೆ ಇನ್ನು ಅರ್ಧ ಗಂಟೆಯಲ್ಲಿ ಇವನನ್ನು ಮಕ್ಕಳ ಮುಂದೆ ನಿಲ್ಲಿಸಿ, ಇವನ ಕಣ್ಣಿನ ಗುಳಿಗೆ ಬೆರಳು ತೋರಿಸಿ, ಎಚ್ಚರಗೇಡಿ ಎನ್ನಬೇಕು. ಅದಾದ ಮೇಲೆ ತನ್ನಲ್ಲಿ ಉಳಿಯುವುದು ಏನು? ಸರಕ್ಕನೆ ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು, ಹಳದಿ ಲೋಳೆಯಲ್ಲಿ ಸುತ್ತಿಕೊಂಡು, ಅಲುಗಾಡದೆ. ಮಿಲೋ ಅದರ ಮೂಗು ಒರೆಸಿ, ಹುಲ್ಲಿನ ಹಿಡಿಯಿಂದ ಪಕ್ಕೆ ಉಜ್ಜಿದ. ಸೀನಿತು. ಉಸಿರಾಡಿತು.

“ಹಿಮ ಅಲ್ಲ, ಮಿಲೋ,” ಅಂದ ಗೇಲನ್.

ಮಿಲೋ ಉಜ್ಜುತ್ತಲೇ ಇದ್ದ.

“ನನ್ನ ತೋಟಾ. ನಿನ್ನ ಕೋವಿಗೆ ಅದು ಹೆಚ್ಚಾಯ್ತು. ಚೀಟಿ ಇತ್ತು, ಕಿತ್ತು ಹಾಕಿ ಕೊಟ್ಟೆ. ನೀನು ಬಿಗಿ ಬರ್ತಿದೆ ಅಂದಾಗ್ಲೇ ನಂಗೆ ಗೊತ್ತಾಯ್ತು. ಹಾರಿಸ್ಬೇಡ ಅನ್ಬೇಕಿತ್ತು. ಅನ್ಲಿಲ್ಲ. ಎಣ್ಣೆ ಬಿಡು ಅಂದೆ.”

“ಗೊತ್ತು.”

ಕುರಿ ತಿರುಗಿ ಮರಿಯನ್ನು ನೆಕ್ಕತೊಡಗಿತು. ಗೇಲನ್‌ನ ಕೈ ಇನ್ನೂ ಅದರ ಕತ್ತು ಹಿಡಿದ ಆಕಾರದಲ್ಲೇ ಇತ್ತು.

“ಯಾವಾಗಿಂದ?”

“ಆಸ್ಪತ್ರೇಲೇ.” ಮಿಲೋ ಕೈಯನ್ನು ಹುಲ್ಲಿಗೆ ಒರೆಸಿಕೊಂಡ. “ನೀನು ಚಿಪ್ಪು ಕೇಳ್ಲಿಲ್ಲ ನೋಡು, ಆಗ.”

ತೋಟಾ ಕಟ್ಟುವವರಲ್ಲಿ ಅದೊಂದು ಕಟ್ಟಳೆ. ಮದ್ದು ಹಾರಿಸಿದವನದು, ಗುಂಡು ಹಾರಿಸಿದವನದು. ಖಾಲಿ ಚಿಪ್ಪು ಮಾತ್ರ ಕಟ್ಟಿದವನದು. ಹೆಕ್ಕಿ ತಂದು ಅವನ ಕೈಗಿಡಬೇಕು. ಒಂದೊಂದನ್ನೂ ಹತ್ತು ಸಲ ಮತ್ತೆ ಕಟ್ಟಬಹುದು.

“ನೀನು ಸತ್ತವರ ಮನೇಲೂ ಬಿಡೋನಲ್ಲ,” ಅಂದ ಮಿಲೋ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಗೇಲನ್‌ಗೆ ಹೆದರಿಕೆ ಹುಟ್ಟಿಸಿತು. “ನಿನ್ನ ಹತ್ರ ತೋಟಾ ಕಟ್ಟಿಸ್ಕೊಳ್ತಿದ್ದ ಆ ಮುದುಕ ಸಿಗರ್ಡ್‌ನ ಮಣ್ಣು ಮಾಡಿ ಬಂದು, ಕಾಫಿ ಕುಡಿಯೋ ಮುಂಚೆ ಅವನ ಹೆಂಡ್ತಿ ಹತ್ರ ಆರು ಚಿಪ್ಪು ಇಸ್ಕೊಂಡೆ. ನನ್ನ ಹಾಸಿಗೆ ಹತ್ರ ಎರಡು ಸಲ ಬಂದೆ. ಸೂಪು ತಂದೆ. ಹವಾಮಾನ ಮಾತಾಡ್ದೆ. ಚಿಪ್ಪು ಎಲ್ಲಿ ಅಂತ ಬಾಯಿ ಬಿಡ್ಲಿಲ್ಲ. ಒಂದು ಕಣ್ಣಿಗೂ ಅಷ್ಟು ಕಾಣುತ್ತೆ ಕಣೋ.”

“ಮತ್ತೆ ಹಿಮ ಅಂತ...”

“ಅದು ಆರ್ಡಿಸ್ ಅಂದಿದ್ದು. ನಾನು ಇಲ್ಲ ಅನ್ಲಿಲ್ಲ, ಅಷ್ಟೇ. ಅವಳಿಗೆ ಯಾರನ್ನಾದ್ರೂ ಬಯ್ಯೋಕೆ ಬೇಕಿತ್ತು. ನಿನ್ನ ಹೆಸರು ಹೇಳಿದ್ರೆ ಆಮೇಲೆ ಲವೋನ್ ಜೊತೆ ಒಂದೇ ಬೆಂಚಲ್ಲಿ ಕೂರ್ತಿದ್ಲಾ ಅವಳು?” ಮಿಲೋ ಮರಿಯನ್ನು ತಾಯ ಕೆಚ್ಚಲ ಹತ್ತಿರ ಜರುಗಿಸಿದ. “ನೀನೇ ಹೇಳ್ತೀಯ ಅಂತ ಕಾದೆ. ಫೆಬ್ರವರಿ ಪೂರ್ತಿ ಕಾದೆ. ಭಾನುವಾರ ನಿನ್ನ ಕೈ ಹಿಡ್ಕೊಂಡು, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಇವತ್ತು ಬರ್ತೀನಿ ಅಂದಿದ್ದೂ ಅದಕ್ಕೇ. ಮಕ್ಕಳ ಮುಂದೆ ನನ್ನ ಪಕ್ಕ ನಿಂತು ಅದು ಹ್ಯಾಗೆ ಹೇಳ್ತೀಯೋ ನೋಡೋಣ ಅಂತ.”

“ಈಗ ಹೇಳಿದೆನಲ್ಲ, ಮಿಲೋ.”

“ಹ್ಞೂಂ. ಹೇಳ್ದೆ.”

ಅಷ್ಟೇ. ಹೇಳಿದರೆ ಒಳಗೆ ಏನೋ ಕಳಚಿ ಬೀಳುತ್ತದೆ, ಹಗುರಾಗುತ್ತದೆ ಎಂದು ಮೂರು ತಿಂಗಳು ಅವನು ನಂಬಿದ್ದ. ಅದನ್ನೇ ಕೂಡಿಟ್ಟ ಗಂಟಿನಂತೆ ಜೋಪಾನ ಮಾಡಿದ್ದ. ಹೇಳಿದ ಮೇಲೆ ಹಟ್ಟಿ ಹಟ್ಟಿಯಾಗಿಯೇ ಇತ್ತು. ಸೂರಿನಿಂದ ಕರಗಿದ ಹಿಮ ಹನಿಯುತ್ತಿತ್ತು. ಮಿಲೋ ಬೈದಿದ್ದರೆ ತಲೆತಗ್ಗಿಸಬಹುದಿತ್ತು, ಹೊಡೆದಿದ್ದರೆ ನಿಂತುಕೊಳ್ಳಬಹುದಿತ್ತು, ಕ್ಷಮಿಸಿದ್ದೇನೆ ಎಂದಿದ್ದರೆ ಅಲ್ಲೇ ಹುಲ್ಲಿನಲ್ಲಿ ಕೂತು ಅಳಬಹುದಿತ್ತು. ಯಾವುದೂ ಬರಲಿಲ್ಲ. ಕೊಡಬೇಕಾದ ಕಾಲದಲ್ಲಿ ಕೊಡದ ಮಾತು ಆಮೇಲೆ ಕೊಟ್ಟರೆ ಅದೇ ಮಾತಾಗಿ ಉಳಿಯುವುದಿಲ್ಲವೇನೋ. ಮಿಲೋ ಇಷ್ಟು ದಿನ ಬಾಗಿಲು ತೆರೆದಿಟ್ಟು ಕಾದಿದ್ದ. ಯಾವುದೋ ಒಂದು ಭಾನುವಾರ, ಯಾವುದೆಂದು ಗೇಲನ್‌ಗೆ ಎಂದೂ ತಿಳಿಯದ ಒಂದು ಭಾನುವಾರ, ಕಾಯುವುದು ಮುಗಿದಿತ್ತು.

ಹೊರಗಿನಿಂದ ಆರ್ಡಿಸ್ ಕೂಗಿದಳು: “ಇಬ್ರೂ ಅಲ್ಲೇ ಹಟ್ಟೀಲೇ ಸಂಸಾರ ಹೂಡಿದ್ರಾ? ಹೊತ್ತಾಯ್ತು!”

“ಹೊರಡೋಣ್ವಾ?” ಅಂದ ಗೇಲನ್.

“ನೀನು ಹೋಗು. ನಾನು ಬರಲ್ಲ. ನಾನು ಬಂದ್ರೆ ಆ ಮಕ್ಕಳು ನನ್ನನ್ನೇ ನೋಡ್ತಾ ಕೂರ್ತಾವೆ.”

“ನಾಳೆ ಬೆಳಗ್ಗೆ ಹುಲ್ಲು ಹಾಕೋಕೆ...”

“ಬೇಡ. ನನ್ನ ಅಳಿಯ ಬರ್ತಾನೆ ನಾಳೆಯಿಂದ. ಉಳಿದ ಹನ್ನೆರಡು ತೋಟಾ ಕೆರೆಗೆ ಎಸೆದೆ, ಅದನ್ನ ಕೇಳ್ಬೇಡ.”

ಮಿಲೋ ಎದ್ದು ಔಷಧದ ಗೂಡಿನ ಹತ್ತಿರ ಹೋಗಿ, ಬಾಟಲಿಗಳ ಹಿಂದಿನಿಂದ ಒಂದು ಹಳೆಯ ಉಣ್ಣೆಯ ಕಾಲುಚೀಲ ತೆಗೆದ. ಬಾಯಿಗೆ ಗಂಟು ಹಾಕಿತ್ತು, ಹಲ್ಲಿನಿಂದ ಬಿಚ್ಚಿದ. ಗೇಲನ್ ಕೈ ಚಾಚಿದ. ಮಿಲೋನ ಬೆರಳು ಅವನ ಅಂಗೈಗೆ ನಾಲ್ಕು ಬೆರಳಗಲ ಈಚೆಗೇ ಗಾಳಿಯಲ್ಲಿ ನಿಂತು ತಡಕಿತು. ಕೈಯನ್ನು ಮುಂದೆ ತಂದು ಅವನಿಗೆ ಒದಗಿಸಲು ಗೇಲನ್‌ಗೆ ಧೈರ್ಯವಾಗಲಿಲ್ಲ. ಎರಡನೆಯ ಸಲ ಮಿಲೋ ನಿಧಾನವಾಗಿ ಅಳೆದು, ಮುಟ್ಟಿ, ಒಂದೊಂದಾಗಿ ಇಟ್ಟ. ಉಜ್ಜಿ ತೊಳೆದಿಟ್ಟ ಏಳು ಚಿಪ್ಪು. ಕೊನೆಗೆ ಬುಡ ಬಿರಿದು ಕಪ್ಪಾಗಿದ್ದ ಎಂಟನೆಯದು.

“ಎಂಟು,” ಅಂದ. “ಎಣಿಸ್ಕೋ.”